ಬರಿದೆ ಸುತ್ತುವ ಯಂತ್ರಕ್ಕೆ ನಿದ್ರೆ ಸಲ್ಲುವುದೆ?

ಎತ್ತಿನ ಗಾಣವನ್ನು ಕಣ್ಣಾರೆ ಕಂಡವರು ಇಂದು ವಿರಳ. ಆದರೆ ‘ಗಾಣದೆತ್ತು’ ಎಂಬ ಮಾತು ನಮ್ಮ ನುಡಿಯಲ್ಲಿ ಇನ್ನೂ ಉಳಿದುಕೊಂಡಿದೆ. ಕಣ್ಣಿಗೆ ಬಟ್ಟೆ ಕಟ್ಟಿಸಿಕೊಂಡು ದಿನವೆಲ್ಲ ನಡೆದರೂ ಆ ಪ್ರಾಣಿ ಇದ್ದಲ್ಲಿಯೇ ಇರುತ್ತದೆ. ಹಾಗೆಂದು ಗಾಣಿಗನು ನಿರ್ದಯನಲ್ಲ. ಗಾಣದಲ್ಲಿ ಎಳ್ಳು ಮುಗಿದೊಡನೆಯೆ ಅವನು ಎತ್ತಿನ ನೊಗವನ್ನು ಕಳಚುತ್ತಾನೆ. ಅರೆಯಲು ಏನೂ ಇಲ್ಲದಿರುವಾಗಲೂ ಎತ್ತನ್ನು ಸುತ್ತಿಸುವವನನ್ನು ಯಾರೂ ವಿವೇಕಿ ಎನ್ನಲಾರರು.

ಗಣಕಯಂತ್ರದ, ಎಂದರೆ ಕಂಪ್ಯೂಟರಿನ, ಸ್ಥಿತಿ ಇದಕ್ಕಿಂತ ವಿಚಿತ್ರವಾದುದು. ಅದರ ಹೃದಯವಾದ ಸಂಸ್ಕಾರಕಕ್ಕೆ ಬರುವ ವಿದ್ಯೆ ಒಂದೇ: ಸ್ಮೃತಿಯಿಂದ ಒಂದು ಆದೇಶವನ್ನು ತರುವುದು, ಅದನ್ನು ನೆರವೇರಿಸುವುದು, ಮತ್ತೆ ಮುಂದಿನ ಆದೇಶಕ್ಕೆ ಹೋಗುವುದು. ಮಾಡಲು ಕೆಲಸವಿಲ್ಲದಾಗ ‘ಸುಮ್ಮನಿರು’ ಎಂದು ಹೇಳಲು ಕೂಡ ಅದಕ್ಕೆ ಒಂದು ಆದೇಶ ಬೇಕು. ಅನೇಕ ಹಳೆಯ ಯಂತ್ರಗಳಲ್ಲಿ ಅಂತಹ ಆದೇಶವೇ ಇರಲಿಲ್ಲ. ಕೆಲವುಗಳಲ್ಲಿ ಇದ್ದರೂ ಅದನ್ನು ಬಳಸುತ್ತಿರಲಿಲ್ಲ. ಆದ್ದರಿಂದ ಯಂತ್ರದ ಆಡಳಿತವನ್ನು ನಡೆಸುವ ಆಪರೇಟಿಂಗ್ ಸಿಸ್ಟಂ, ಮುಂದಿನ ಕೆಲಸ ಬರುವವರೆಗೂ ಒಂದೆರಡು ಆದೇಶಗಳ ಪುಟ್ಟ ವರ್ತುಲದಲ್ಲಿ ಸುತ್ತುತ್ತಲೇ ಇರುತ್ತಿತ್ತು. ಇದಕ್ಕೆ ‘ಐಡಲ್ ಲೂಪ್’ ಎಂದು ಹೆಸರು. ನಾವು ಇದನ್ನು ‘ಬರಿಸುತ್ತು’ ಎಂದು ಕರೆಯೋಣ.

ಅರುವತ್ತು ವರ್ಷಗಳ ಹಿಂದಿನ ಈ ಸುತ್ತಿನಿಂದ ಇಂದು ನಮಗೇನು ಎಂದು ವಾಚಕರು ಕೇಳಬಹುದು. ಆ ಹಳೆಯ ಯಂತ್ರಗಳು ಬಹುಮಟ್ಟಿಗೆ ಗುಜರಿಗೆ ಸೇರಿದುವು ನಿಜ. ಆದರೆ ಅವುಗಳಿಗಾಗಿ ಬರೆದ ಕ್ರಮವಿಧಿಗಳು ಅಳಿದಿಲ್ಲ. ಹಳೆಯ ಯಂತ್ರದ ಪ್ರತಿಯೊಂದು ಆದೇಶವನ್ನೂ ಹೊಸ ಯಂತ್ರದ ಮೇಲೆ ಅಭಿನಯಿಸಿ ತೋರಿಸುವ ಒಂದು ಬಗೆಯ ಕ್ರಮವಿಧಿಗಳು ಇಂದು ಬಳಕೆಯಲ್ಲಿವೆ. ಎಮ್ಯುಲೇಟರ್ ಎನ್ನಿಸುವ ಇವನ್ನು ‘ಅನುಕಾರಿ’ಗಳೆನ್ನಬಹುದು. ಅಮೆರಿಕದ ಬಾಬ್ ಸಪ್ನಿಕ್ ಅವರು ೧೯೯೩ರಲ್ಲಿ ಆರಂಭಿಸಿದ ‘ಸಿಮ್‌ಎಚ್’ ಎಂಬ ಅನುಕಾರಿಯು ಪಿ.ಡಿ.ಪಿ., ವ್ಯಾಕ್ಸ್ ಮೊದಲಾದ ಹತ್ತಾರು ಯಂತ್ರಗಳಿಗೆ ಮರುಜೀವ ಕೊಟ್ಟಿದೆ. ‘ಹರ್ಕ್ಯುಲಿಸ್’ ಎಂಬ ಇನ್ನೊಂದು ಅನುಕಾರಿಯು ಐ.ಬಿ.ಎಂ. ಸಂಸ್ಥೆಯ ದೊಡ್ಡ ಯಂತ್ರಗಳನ್ನು ಅನುಕರಿಸುತ್ತದೆ. ವಿಜ್ಞಾನದ ಇತಿಹಾಸವನ್ನು ಉಳಿಸಿಕೊಳ್ಳುವುದಕ್ಕೆ ಇವು ತಾಳೆಗರಿಯ ಪ್ರತಿ ಎತ್ತುವ ಲಿಪಿಕಾರರಷ್ಟೇ ಮುಖ್ಯವಾದುವು.

ತೊಡಕು ಹುಟ್ಟುವುದು ಇಲ್ಲಿಯೇ. ಅತಿಥಿಯಾದ ಹಳೆಯ ಯಂತ್ರವು ಬರಿಸುತ್ತಿನಲ್ಲಿರುವಾಗ, ಆತಿಥೇಯವಾದ ಹೊಸ ಯಂತ್ರವು ಆ ಸುತ್ತನ್ನೂ ನಿಷ್ಠೆಯಿಂದ ಅನುಕರಿಸುತ್ತದೆ. ಒಳಗೆ ಒಂದು ಕೀಲಿಯ ಒತ್ತುವಿಕೆಗಾಗಿ ಕಾಯುತ್ತಿರುವುದಲ್ಲದೆ ಬೇರೇನೂ ನಡೆಯುತ್ತಿಲ್ಲ. ಹೊರಗೆ ಮಾತ್ರ ಸಂಸ್ಕಾರಕದ ಒಂದು ಭಾಗವು ಪೂರ್ಣ ಶಕ್ತಿಯಿಂದ ದುಡಿಯುತ್ತದೆ, ಬೀಸಣಿಗೆ ಸದ್ದುಮಾಡುತ್ತದೆ, ಬ್ಯಾಟರಿ ಬರಿದಾಗುತ್ತದೆ. ಈ ವ್ಯರ್ಥ ಶ್ರಮಕ್ಕೆ ಹೆಚ್ಚುವರಿಯಾಗಿ ೧೦ ವಾಟ್ ಮಾತ್ರ ತಗಲುವುದೆಂದು ಇಟ್ಟುಕೊಳ್ಳೋಣ. ವರ್ಷದ ೮,೭೬೦ ಗಂಟೆಗಳೂ ಯಂತ್ರವು ನಡೆದರೆ ಸುಮಾರು ೮೮ ಯೂನಿಟ್ ವಿದ್ಯುತ್ತು ಯಾವ ಕೆಲಸವನ್ನೂ ಮಾಡದೆ ಬಿಸಿಯಾಗಿ ಹೋಗುತ್ತದೆ.

ಹಾಗಾದರೆ ಅನುಕಾರಿಯು ಬರಿಸುತ್ತನ್ನು ಗುರುತಿಸಿ, ಅಷ್ಟು ಹೊತ್ತು ತಾನು ನಿದ್ರಿಸಬಹುದೆ? ಈ ಬಗೆಗೆ ಎರಡು ಪಕ್ಷಗಳುಂಟು. ಹಳೆಯ ಯಂತ್ರವು ಮಾಡಿದುದನ್ನೆಲ್ಲ ಚಾಚೂ ತಪ್ಪದೆ ಮಾಡುವುದೇ ಅನುಕರಣೆ, ಅದರಲ್ಲಿ ಒಂದು ಸುತ್ತನ್ನು ಬಿಟ್ಟರೂ ಅದು ವಂಚನೆ ಎಂಬುದು ಮೊದಲನೆಯ ಪಕ್ಷ. ಶಕ್ತಿಯನ್ನು ಉಳಿಸುವ ಯಾವ ಉಪಾಯವಾದರೂ ಸರಿ ಎಂಬುದು ಎರಡನೆಯದು. ನನಗೆ ಎರಡೂ ಪೂರ್ಣವಾಗಿ ಒಪ್ಪಿಗೆಯಿಲ್ಲ. ಅನುಕಾರಿಗೆ ನಿದ್ರೆ ಸಲ್ಲುತ್ತದೆ, ಆದರೆ ಆ ನಿದ್ರೆಯು ಅತಿಥಿಗೆ ಎಂದಿಗೂ ತಿಳಿಯಬಾರದು ಎಂಬುದು ನನ್ನ ಮತ. ಇದನ್ನು ಒಂದು ನಿದರ್ಶನದ ಮೂಲಕ ಸಮರ್ಥಿಸುತ್ತೇನೆ.

ಅಮೆರಿಕದ ಡಿಜಿಟಲ್ ಸಂಸ್ಥೆಯು ೧೯೬೫ರಲ್ಲಿ ಪಿ.ಡಿ.ಪಿ.-೮ ಎಂಬ ಯಂತ್ರವನ್ನು ಹೊರತಂದಿತು. ಅದರ ಪದವು ೧೨ ಬಿಟ್ಟುಗಳದು. ಮೂಲ ಯಂತ್ರದ ಸ್ಮೃತಿಯಲ್ಲಿದ್ದುದು ೪,೦೯೬ ಪದಗಳು ಮಾತ್ರ. ಕೀಲಿಮಣೆಯಿಂದ ಅಕ್ಷರವು ಬಂದಾಗ ಅದರಲ್ಲಿ ಒಂದು ‘ಧ್ವಜ’ವು ಏರುತ್ತದೆ. ಅದನ್ನು ಪರೀಕ್ಷಿಸುವ ಆದೇಶಕ್ಕೆ ‘ಕೆ.ಎಸ್.ಎಫ್.’ ಎಂದು ಹೆಸರು. ಅಷ್ಟಮಾನ ಪದ್ಧತಿಯಲ್ಲಿ ಅದರ ಸಂಖ್ಯೆ ೬೦೩೧. ಧ್ವಜವು ಏರಿದ್ದರೆ ಮುಂದಿನ ಒಂದು ಆದೇಶವನ್ನು ದಾಟಿ ಹೋಗು ಎಂದು ಇದರ ಅರ್ಥ. ಆ ಮುಂದಿನ ಆದೇಶವೋ ‘ಒಂದು ಹೆಜ್ಜೆ ಹಿಂದಕ್ಕೆ ನೆಗೆ’ ಎಂಬುದು. ಹೀಗಾಗಿ ಅಕ್ಷರವು ಬಾರದಿರುವವರೆಗೂ ಯಂತ್ರವು ನೋಡುತ್ತದೆ, ನೆಗೆಯುತ್ತದೆ, ಮತ್ತೆ ನೋಡುತ್ತದೆ, ಮತ್ತೆ ನೆಗೆಯುತ್ತದೆ. ಆಗಿನ ಟೆಲಿಟೈಪ್ ಯಂತ್ರವು ಸೆಕೆಂಡಿಗೆ ೧೦ ಅಕ್ಷರಗಳನ್ನು ಮಾತ್ರ ಕಳುಹಿಸಬಲ್ಲುದಾಗಿತ್ತು. ಬೆರಳುಗಳು ಎಷ್ಟೇ ಚುರುಕಾಗಿದ್ದರೂ ಎರಡು ಅಕ್ಷರಗಳ ನಡುವೆ ಯಂತ್ರವು ಹತ್ತು ಸಾವಿರಕ್ಕೂ ಹೆಚ್ಚು ಬಾರಿ ಬಾಗಿಲಿಗೆ ಬಂದು ಇಣಿಕಿ ನೋಡಿ ಹೋಗುತ್ತಿತ್ತು!

ಸಿಮ್‌ಎಚ್ ಇದನ್ನು ಗುರುತಿಸುವ ಬಗೆ ಸರಳವಾದುದು. ನೆಗೆತದ ಆದೇಶವು ಬಂದಾಗ, ಅದು ಸರಿಯಾಗಿ ಒಂದು ಹೆಜ್ಜೆ ಹಿಂದಕ್ಕೆ ಹೋಗುತ್ತಿದೆಯೆ ಎಂದು ಅದು ನೋಡುತ್ತದೆ. ಹೌದಾದರೆ, ಆ ಹಿಂದಿನ ಆದೇಶವು ೬೦೩೧ ಆಗಿದೆಯೆ, ಕೀಲಿಮಣೆಯ ಧ್ವಜವು ಇಳಿದಿದೆಯೆ, ಹೊರಗಿನ ಕರೆಗಂಟೆಯನ್ನು ಆಲಿಸುವ ವ್ಯವಸ್ಥೆಯು ಮುಚ್ಚಿದೆಯೆ ಎಂದು ವಿಚಾರಿಸುತ್ತದೆ. ಇಷ್ಟೂ ಸರಿಯಾಗಿದ್ದರೆ ಮಾತ್ರ ಇದು ಬರಿಸುತ್ತೆಂದು ತೀರ್ಮಾನಿಸುತ್ತದೆ. ಇಲ್ಲಿ ಕರೆಗಂಟೆ ಎಂದುದು ‘ಇಂಟರಪ್ಟ್’ ಎಂಬ ಸಂಕೇತವನ್ನು. ನಡೆಯುತ್ತಿರುವ ಕೆಲಸವನ್ನು ತಡೆದು ಸಂಸ್ಕಾರಕದ ಗಮನವನ್ನು ತನ್ನ ಕಡೆಗೆ ಸೆಳೆಯುವುದು ಅದರ ಕಾರ್ಯ.

ತನ್ನ ಸ್ಥಾನಕ್ಕೆ ತಾನೇ ನೆಗೆಯುವ ಆದೇಶವೂ ಉಂಟು. ಅದರ ವಿಷಯದಲ್ಲಿ ಸಿಮ್‌ಎಚ್ ತೋರುವ ವಿವೇಚನೆಯು ಮೆಚ್ಚತಕ್ಕದ್ದು. ಕರೆಗಂಟೆಯನ್ನು ಆಲಿಸುವ ವ್ಯವಸ್ಥೆಯು ತೆರೆದಿದ್ದು, ಗಂಟೆಯು ಇನ್ನೂ ಬಾರಿಸಿಲ್ಲವಾದರೆ ಅದು ಬರಿಸುತ್ತು, ನಿದ್ರಿಸಬಹುದು. ಆ ವ್ಯವಸ್ಥೆಯು ಮುಚ್ಚಿದ್ದರೆ ಆ ಯಂತ್ರವನ್ನು ಎಬ್ಬಿಸಬಲ್ಲವರು ಯಾರೂ ಇಲ್ಲ. ಅದು ಬಿಡುವಲ್ಲ, ಮರಣ. ಆಗ ಅನುಕಾರಿಯು ಕೆಲಸವನ್ನು ನಿಲ್ಲಿಸಿ, ಇದು ಕೊನೆಯಿಲ್ಲದ ಸುತ್ತೆಂದು ಯಜಮಾನನಿಗೆ ತಿಳಿಸುತ್ತದೆ. ಎರಡೂ ಕಡೆ ಆದೇಶವು ಒಂದೇ. ಸಂದರ್ಭವು ಬೇರೆಯಾದುದರಿಂದ ಅರ್ಥವೂ ಬೇರೆಯಾಯಿತು.

ಸುತ್ತಿನ ಆಕಾರವನ್ನಷ್ಟೇ ನೋಡಿ ನಿರ್ಣಯಿಸುವುದು ಏಕೆ ಸಲ್ಲದೆಂಬುದಕ್ಕೆ ಇನ್ನೊಂದು ಉದಾಹರಣೆ ಇದೆ. ಪಿ.ಡಿ.ಪಿ.-೮ರಲ್ಲಿ ಒಂದು ಸ್ಮೃತಿಪದಕ್ಕೆ ಒಂದನ್ನು ಕೂಡಿಸಿ, ಫಲವು ಸೊನ್ನೆಯಾದರೆ ಮುಂದಿನ ಆದೇಶವನ್ನು ದಾಟುವ ಆದೇಶವೊಂದುಂಟು. ಅದರ ಮುಂದೆಯೂ ‘ಒಂದು ಹೆಜ್ಜೆ ಹಿಂದಕ್ಕೆ ನೆಗೆ’ ಎಂದು ಬರೆದು ಕಾಲಹರಣದ ಸುತ್ತನ್ನು ಕಟ್ಟುವುದು ವಾಡಿಕೆಯಾಗಿತ್ತು. ಹೊರನೋಟಕ್ಕೆ ಇದು ಬರಿಸುತ್ತಿನ ಅವಳಿಯಂತೆಯೇ ಕಾಣುತ್ತದೆ. ಆದರೆ ಇದು ಎಣಿಸುತ್ತಿದೆ. ಹೆಚ್ಚೆಂದರೆ ೪,೦೯೬ ಸುತ್ತುಗಳಲ್ಲಿ ಮುಗಿದು ಮುಂದಕ್ಕೆ ಹೋಗುತ್ತದೆ. ಇದನ್ನು ಬರಿಸುತ್ತೆಂದು ಬಗೆದು ಮಲಗಿದರೆ ಕೆಲಸವು ಕೆಡುತ್ತದೆ. ಕಣ್ಣುಮುಚ್ಚಿ ಜಪಮಣಿಯನ್ನು ಎಣಿಸುತ್ತಿರುವವನನ್ನು ತೂಕಡಿಸುತ್ತಿದ್ದಾನೆಂದು ಭಾವಿಸಿದಂತೆ ಅದು.

ಈ ಭೇದದ ಹಿಂದೆ ಒಂದು ಸ್ಪಷ್ಟವಾದ ತತ್ತ್ವವಿದೆ. ಯಂತ್ರದ ನಡತೆಯು ಅದರ ಸ್ಥಿತಿಯನ್ನು, ಎಂದರೆ ಸ್ಮೃತಿಯಲ್ಲಿಯೂ ರಿಜಿಸ್ಟರುಗಳಲ್ಲಿಯೂ ಇರುವ ಎಲ್ಲ ಮೌಲ್ಯಗಳನ್ನು, ಅನುಸರಿಸುತ್ತದೆ. ಒಂದು ಸುತ್ತು ಮುಗಿದಾಗ ಸ್ಥಿತಿಯು ಮೊದಲಿದ್ದಂತೆಯೇ ಇದ್ದು, ಹೊರಗಿನಿಂದಲೂ ಏನೂ ಬಾರದಿದ್ದರೆ, ಮುಂದಿನ ಸುತ್ತೂ ಹಾಗೆಯೇ ಇರಲೇಬೇಕು. ಅದರ ಮುಂದಿನದೂ ಹಾಗೆಯೇ. ಅಂತಹ ಸುತ್ತನ್ನು ಒಮ್ಮೆ ನಡೆಸುವುದಕ್ಕೂ ಲಕ್ಷ ಬಾರಿ ನಡೆಸುವುದಕ್ಕೂ, ಕಳೆದ ಕಾಲವೊಂದನ್ನು ಬಿಟ್ಟರೆ, ಯಾವ ಭೇದವೂ ಇಲ್ಲ. ಎಣಿಸುವ ಸುತ್ತಿನಲ್ಲಿ ಸ್ಥಿತಿಯು ಪ್ರತಿ ಬಾರಿಯೂ ಬದಲಾಗುವುದರಿಂದ ಅದಕ್ಕೆ ಈ ನಿಯಮವು ಅನ್ವಯಿಸದು.

ಯಾವುದೇ ಕ್ರಮವಿಧಿಯು ಎಂದಾದರೂ ಮುಗಿಯುವುದೇ ಇಲ್ಲವೇ ಎಂಬುದನ್ನು ನಿರ್ಣಯಿಸುವ ಸಾರ್ವತ್ರಿಕ ವಿಧಾನವು ಇರಲಾರದು. ಇಂಗ್ಲೆಂಡಿನ ಗಣಿತಜ್ಞ ಅಲನ್ ಟ್ಯೂರಿಂಗ್ ೧೯೩೬ರಲ್ಲಿ ಪ್ರಕಟಿಸಿದ ಪ್ರಬಂಧದಿಂದ ಈ ಸಂಗತಿ ಸಿದ್ಧವಾಗುತ್ತದೆ. ಆದರೆ ಅನುಕಾರಿಗೆ ಅಷ್ಟು ದೊಡ್ಡ ಪ್ರಶ್ನೆಯ ಉತ್ತರವು ಬೇಕಿಲ್ಲ. ಖಚಿತವಾಗಿ ತಿಳಿದ ಕೆಲವೇ ಸುತ್ತುಗಳನ್ನು ಗುರುತಿಸಿದರೆ ಸಾಕು. ಸಂದೇಹ ಬಂದಲ್ಲಿ ಸುತ್ತುತ್ತಲೇ ಇದ್ದರೆ ಆಗುವ ನಷ್ಟ ವಿದ್ಯುತ್ತಿನದು ಮಾತ್ರ. ಸಂದೇಹವಿದ್ದೂ ಮಲಗಿದರೆ ಆಗುವ ನಷ್ಟ ಸತ್ಯದ್ದು. ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಲಾಗದು.

ಇನ್ನು, ಮಲಗುವುದೆಂದರೆ ಕಾಲವನ್ನು ಮರೆಯುವುದಲ್ಲ. ಮುಂದೆ ನಡೆಯಲಿರುವ ಘಟನೆಗಳ ಪಟ್ಟಿಯೊಂದನ್ನು ಅನುಕಾರಿಯು ಸದಾ ಇಟ್ಟುಕೊಂಡಿರುತ್ತದೆ. ಅತಿಥಿ ಯಂತ್ರದ ಗಡಿಯಾರವು ಸೆಕೆಂಡಿಗೆ ೬೦ ಬಾರಿ ಮಿಡಿಯುವುದಾದರೆ ಎರಡು ಮಿಡಿತಗಳ ಅಂತರವು ಸುಮಾರು ೧೬.೭ ಮಿಲಿಸೆಕೆಂಡು. ಮುಂದಿನ ಮಿಡಿತಕ್ಕೆ ಇನ್ನೂ ೧೦ ಮಿಲಿಸೆಕೆಂಡುಗಳಿದ್ದರೆ, ಅಷ್ಟರೊಳಗೆ ತನ್ನನ್ನು ಎಬ್ಬಿಸಬೇಕೆಂದು ಆತಿಥೇಯ ಯಂತ್ರಕ್ಕೆ ಹೇಳಿ ಅನುಕಾರಿಯು ಮಲಗುತ್ತದೆ. ಎದ್ದ ಮೇಲೆ, ಆ ಅವಧಿಯಲ್ಲಿ ಎಷ್ಟು ಆದೇಶಗಳು ನಡೆಯುತ್ತಿದ್ದುವೋ ಅಷ್ಟನ್ನೂ ನಡೆದುವೆಂದು ಲೆಕ್ಕಕ್ಕೆ ಸೇರಿಸುತ್ತದೆ. ಆದುದರಿಂದ ಒಳಗಿನ ಗಡಿಯಾರವು ಹಿಂದೆ ಬೀಳುವುದಿಲ್ಲ.

ಕೆಲವು ಯಂತ್ರಗಳಲ್ಲಿ ಊಹೆಯ ಅಗತ್ಯವೇ ಇಲ್ಲ. ತಾವು ಕಾಯುತ್ತಿದ್ದೇವೆಂದು ಅವೇ ಹೇಳುತ್ತವೆ. ಐ.ಬಿ.ಎಂ. ಸಂಸ್ಥೆಯು ೧೯೬೪ರಲ್ಲಿ ಪ್ರಕಟಿಸಿದ ಸಿಸ್ಟಂ/೩೬೦ ಯಂತ್ರಗಳಲ್ಲಿ ‘ಕಾಯುವ ಸ್ಥಿತಿ’ಗೆಂದೇ ಒಂದು ಬಿಟ್ಟು ಮೀಸಲಾಗಿತ್ತು. ಇದರಲ್ಲಿ ಹಣದ ಲೆಕ್ಕವೂ ಸೇರಿತ್ತು. ಆಗ ಈ ಯಂತ್ರಗಳು ಬಹುಮಟ್ಟಿಗೆ ಬಾಡಿಗೆಗೆ ದೊರೆಯುತ್ತಿದ್ದುವು. ಬಳಕೆಯನ್ನು ಅಳೆಯುವ ಮೀಟರು ಅವುಗಳಲ್ಲಿಯೇ ಇರುತ್ತಿತ್ತು. ಸಂಸ್ಕಾರಕವೂ ಅದಕ್ಕೆ ಸೇರಿದ ಮಾರ್ಗಗಳೂ ಸ್ತಬ್ಧವಾದಾಗ ಮೀಟರೂ ನಿಲ್ಲುತ್ತಿತ್ತು. ಬರಿದೆ ಸುತ್ತದಿರುವುದರ ಬೆಲೆಯನ್ನು ಅಂದಿನವರು ಚೆನ್ನಾಗಿ ಬಲ್ಲವರಾಗಿದ್ದರು. ೧೯೭೦ರ ಪಿ.ಡಿ.ಪಿ.-೧೧ರಲ್ಲಿ ‘ವೇಟ್’ ಎಂಬ ಆದೇಶವಿತ್ತು. ಅದರ ಸಂಖ್ಯೆ ಬರಿಯ ೧. ಇಂಟೆಲ್ ಸಂಸ್ಥೆಯ ೧೯೭೮ರ ೮೦೮೬ ಸಂಸ್ಕಾರಕದಲ್ಲಿ ಅದೇ ಕೆಲಸಕ್ಕೆ ‘ಹಾಲ್ಟ್’ ಎಂಬ ಆದೇಶವಿತ್ತು. ಇಂತಹ ಆದೇಶವನ್ನು ಕಂಡೊಡನೆ ಅನುಕಾರಿಯು ನಿಶ್ಚಿಂತೆಯಿಂದ ಮಲಗಬಹುದು.

ಆದರೆ ೧೯೭೭ರ ವ್ಯಾಕ್ಸ್ ಯಂತ್ರದಲ್ಲಿ ಇಂತಹ ಆದೇಶವಿರಲಿಲ್ಲ. ಪ್ರತಿಯೊಂದು ಆಪರೇಟಿಂಗ್ ಸಿಸ್ಟಮ್ಮೂ ತನಗೆ ತೋಚಿದಂತೆ ಬರಿಸುತ್ತನ್ನು ರಚಿಸಿಕೊಂಡಿತು. ಆದಕಾರಣ ಸಿಮ್‌ಎಚ್‌ನ ವ್ಯಾಕ್ಸ್ ಅನುಕಾರಿಗೆ, ಒಳಗೆ ನಡೆಯುತ್ತಿರುವುದು ವಿ.ಎಂ.ಎಸ್. ಎಂಬುದೋ ಅಲ್ಟ್ರಿಕ್ಸ್ ಎಂಬುದೋ ಬೇರೆಯದೋ ಎಂಬುದನ್ನು ಬಳಸುವವರೇ ತಿಳಿಸಬೇಕಾಗುತ್ತದೆ. ಇದನ್ನು ಕೆಲವರು ಕೊರತೆಯೆನ್ನುತ್ತಾರೆ. ನಾನು ಇದನ್ನು ಪ್ರಾಮಾಣಿಕತೆಯೆನ್ನುತ್ತೇನೆ. ತಿಳಿಯದುದನ್ನು ತಿಳಿದಂತೆ ನಟಿಸುವುದಕ್ಕಿಂತ ಕೇಳಿ ತಿಳಿಯುವುದು ಮೇಲು.

ಊಹೆಯು ಅತಿಯಾದಾಗ ಏನಾಗುವುದೆಂಬುದನ್ನು ಎಂ.ಎಸ್.-ಡಾಸ್ ಕಾಲದ ಕ್ರಮವಿಧಿಗಳು ತೋರಿಸಿಕೊಟ್ಟಿವೆ. ಆ ಪೈಕಿ ಅನೇಕವು ಕೀಲಿಮಣೆಯನ್ನು ಮತ್ತೆ ಮತ್ತೆ ವಿಚಾರಿಸುತ್ತ ಕಾಯುತ್ತಿದ್ದುವು. ಮುಂದೆ ಅವುಗಳನ್ನು ಬೇರೆ ವ್ಯವಸ್ಥೆಗಳೊಳಗೆ ನಡೆಸುವ ಕಾಲ ಬಂದಾಗ, ಆ ವಿಚಾರಣೆಗಳನ್ನು ಎಣಿಸಿ, ಅವು ಮಿತಿಮೀರಿದರೆ ಕ್ರಮವಿಧಿಯು ಬಿಡುವಾಗಿದೆಯೆಂದು ಬಗೆಯುವ ಉಪಾಯವು ರೂಢಿಗೆ ಬಂತು. ೧೯೯೨ರ ಓ.ಎಸ್./೨ ವ್ಯವಸ್ಥೆಯಲ್ಲಿಯೂ ಲಿನಕ್ಸ್‌ನ ಡಾಸ್‌ಎಮು ಎಂಬುದರಲ್ಲಿಯೂ ಈ ಮಿತಿಯನ್ನು ಬಳಸುವವರೇ ಹೊಂದಿಸಿಕೊಳ್ಳಬಹುದಾಗಿತ್ತು. ಆದರೆ ದೀರ್ಘವಾದ ಲೆಕ್ಕವನ್ನು ಮಾಡುತ್ತಲೇ, ‘ನಿಲ್ಲಿಸು’ ಎಂಬ ಕೀಲಿಯನ್ನು ಯಾರಾದರೂ ಒತ್ತಿದರೋ ಎಂದು ಆಗಾಗ ನೋಡುವ ಕ್ರಮವಿಧಿಯ ಗತಿಯೇನು? ಅದು ದುಡಿಯುತ್ತಿದೆ, ಆದರೂ ಸೋಮಾರಿಯೆಂಬ ಅಪವಾದಕ್ಕೆ ಗುರಿಯಾಗಿ ನಿಧಾನಗೊಳ್ಳುತ್ತದೆ. ಸ್ಥಿತಿಯನ್ನು ನೋಡದೆ ಸಂಖ್ಯೆಯನ್ನು ಮಾತ್ರ ನೋಡಿದುದರ ಫಲವಿದು.

ಸ್ಪಷ್ಟವಾದ ಆದೇಶವೂ ಎಲ್ಲೆಡೆ ನಂಬಿಕೆಗೆ ಅರ್ಹವಾಗಿರಲಿಲ್ಲ ಎಂಬುದನ್ನೂ ಇಲ್ಲಿ ಹೇಳಬೇಕು. ವಿಂಡೋಸ್ ಎನ್.ಟಿ. ವ್ಯವಸ್ಥೆಯು ಬಿಡುವಿನಲ್ಲಿ ‘ಹಾಲ್ಟ್’ ಆದೇಶವನ್ನು ಬಳಸುತ್ತಿತ್ತು. ವಿಂಡೋಸ್ ೯೫ ಬಳಸುತ್ತಿರಲಿಲ್ಲ. ಆ ಆದೇಶವು ಬಂದಾಗ ಕೆಲವು ಲ್ಯಾಪ್‌ಟಾಪ್‌ಗಳು ಮತ್ತೆ ಎಚ್ಚರಗೊಳ್ಳದೆ ಸ್ತಬ್ಧವಾಗುತ್ತಿದ್ದುದೇ ಇದಕ್ಕೆ ಕಾರಣ. ಮಲಗುವ ಕಲೆ ಬಂದರೆ ಸಾಲದು. ಏಳುವ ಕಲೆಯೂ ಬರಬೇಕು.

ಈಗ ಮೊದಲನೆಯ ಪಕ್ಷದವರ ಆಕ್ಷೇಪಕ್ಕೆ ಬರೋಣ. ಅವರ ಮಾತಿನಲ್ಲಿ ಹುರುಳಿಲ್ಲದೆ ಇಲ್ಲ. ಪಿ.ಡಿ.ಪಿ.-೧೧/೭೦ರ ಮುಂಭಾಗದಲ್ಲಿ ದೀಪಗಳ ಸಾಲುಗಳಿದ್ದುವು. ಆರ್.ಎಸ್.ಟಿ.ಎಸ್. ಮೊದಲಾದ ವ್ಯವಸ್ಥೆಗಳು ತಮ್ಮ ಬಿಡುವಿನಲ್ಲಿ ಈ ದೀಪಗಳ ಮೇಲೆ ಬೆಳಕಿನ ಚಲಿಸುವ ವಿನ್ಯಾಸವನ್ನು ಆಡಿಸುತ್ತಿದ್ದುವು. ಕೋಣೆಗೆ ಬಂದವನು ಯಂತ್ರಕ್ಕೆ ಬಿಡುವಿದೆಯೆ ಎಂಬುದನ್ನು ದೀಪವನ್ನು ನೋಡಿಯೇ ತಿಳಿಯಬಹುದಾಗಿತ್ತು. ಪಿ.ಐ.ಡಿ.ಪಿ.-೧೧ ಎಂಬ ಮಾದರಿಯನ್ನು ಇಂದಿನ ಹವ್ಯಾಸಿಗಳು ತಾವೇ ಜೋಡಿಸುತ್ತಾರೆ. ಅದರೊಳಗೆ ರಾಸ್ಬೆರಿ ಪೈ ಎಂಬ ಪುಟ್ಟ ಗಣಕವು ಸಿಮ್‌ಎಚ್ ಅನ್ನು ನಡೆಸುತ್ತದೆ, ಹೊರಗೆ ಅದೇ ದೀಪಗಳು ಬೆಳಗುತ್ತವೆ. ಅನುಕಾರಿಯು ಮಲಗಿ ದೀಪಗಳೂ ನಿಂತುಬಿಟ್ಟರೆ ಇತಿಹಾಸದ ಒಂದು ತುಣುಕು ನಷ್ಟವಾಯಿತಲ್ಲವೆ?

ನಿಜ, ಅಲ್ಲಿ ನಷ್ಟವಾಗುವುದು ಕಾಣುವ ಸಂಗತಿ. ಆದ್ದರಿಂದಲೇ ನನ್ನ ಅಳತೆಗೋಲು ಇದು: ಅತಿಥಿ ಯಂತ್ರದೊಳಗಿನ ಕ್ರಮವಿಧಿಯಾಗಲಿ, ಅದನ್ನು ಬಳಸುವ ಮನುಷ್ಯನಾಗಲಿ ಕಾಣಬಹುದಾದ ಯಾವುದೂ ಬದಲಾಗಕೂಡದು. ಕಾಣದುದನ್ನು ಬಿಡಬಹುದು. ಹಳೆಯ ಯಂತ್ರದ ಬಿಸಿಯನ್ನೂ ಗದ್ದಲವನ್ನೂ ನಾವು ಅನುಕರಿಸುವುದಿಲ್ಲ. ಅದರ ವ್ಯರ್ಥ ಶ್ರಮವನ್ನು ಮಾತ್ರ ಏಕೆ ಅನುಕರಿಸಬೇಕು? ನಾಟಕದಲ್ಲಿ ರಾಮನು ಹದಿನಾಲ್ಕು ವರ್ಷ ವನವಾಸ ಮಾಡಿದನೆಂದು ನಂಬಿಸಲು ಪ್ರೇಕ್ಷಕರನ್ನು ಹದಿನಾಲ್ಕು ವರ್ಷ ಕೂರಿಸುವವರಿಲ್ಲ.

ಒಟ್ಟಿನಲ್ಲಿ, ಅನುಕಾರಿಯ ನಿದ್ರೆಗೆ ಮೂರು ಕಟ್ಟಳೆಗಳು ಬೇಕು. ಸ್ಥಿತಿಯು ಬದಲಾಗುತ್ತಿಲ್ಲವೆಂದು ಖಚಿತವಾದಾಗ ಮಾತ್ರ ಮಲಗಬೇಕು. ಮಲಗಿದ ಕಾಲವನ್ನು ತಪ್ಪದೆ ಲೆಕ್ಕಕ್ಕೆ ತರಬೇಕು. ಬೇಡವೆಂದವರಿಗೆ ಈ ನಿದ್ರೆಯನ್ನು ತಡೆಯುವ ಅವಕಾಶವಿರಬೇಕು. ಸಿಮ್‌ಎಚ್‌ನಲ್ಲಿ ಈ ಅವಕಾಶವಿದೆ. ಒಂದು ಸಾಲಿನ ಆಜ್ಞೆಯಿಂದ ಈ ಸೌಲಭ್ಯವನ್ನು ತೆರೆಯಬಹುದು, ಮುಚ್ಚಲೂಬಹುದು.

ಕೊನೆಯದಾಗಿ, ಕ್ರಮವಿಧಿಗಳನ್ನು ಬರೆಯಲು ಕಲಿಯುತ್ತಿರುವ ತರುಣ ವಾಚಕರಿಗೆ ಒಂದು ಮಾತು. ನೀವು ಬರೆಯುವ ಕ್ರಮವಿಧಿಯೂ ಒಂದಲ್ಲ ಒಂದು ಕಡೆ ಕಾಯಬೇಕಾಗುತ್ತದೆ: ಕೀಲಿಗಾಗಿಯೋ, ಕಡತಕ್ಕಾಗಿಯೋ, ದೂರದ ಯಂತ್ರದ ಉತ್ತರಕ್ಕಾಗಿಯೋ. ಆಗ ‘ಬಂತೆ, ಬಂತೆ’ ಎಂದು ಸುತ್ತಬೇಡಿ. ಬಂದಾಗ ತನ್ನನ್ನು ಎಬ್ಬಿಸಬೇಕೆಂದು ಆಪರೇಟಿಂಗ್ ಸಿಸ್ಟಂಗೆ ಹೇಳಿ ಕಾಯುವ ವಿಧಾನಗಳು ಇಂದಿನ ಎಲ್ಲ ವ್ಯವಸ್ಥೆಗಳಲ್ಲಿಯೂ ಇವೆ; ಅವನ್ನೇ ಬಳಸಿರಿ. ಇನ್ನು ಐವತ್ತು ವರ್ಷಗಳ ಮೇಲೆ ಯಾರಾದರೂ ನಿಮ್ಮ ಕ್ರಮವಿಧಿಯನ್ನು ಅನುಕಾರಿಯೊಂದರಲ್ಲಿ ನಡೆಸಿದರೆ, ಅದು ದುಡಿಯುತ್ತಿದೆಯೋ ಕಾಯುತ್ತಿದೆಯೋ ಎಂದು ಅವರು ಊಹಿಸುತ್ತ ಕೂರಬೇಕಾಗಿ ಬಾರದಿರಲಿ. ಎಳ್ಳು ಮುಗಿದಾಗ ನೊಗವನ್ನು ಕಳಚುವ ಗಾಣಿಗನ ವಿವೇಕವು ನಮ್ಮಲ್ಲಿಯೂ ಇರಲಿ.